ಬೇರೆಯವರ ಫೋನಿನಲ್ಲಿ ನನ್ನ ಹೆಸರು

ಈ ಬರಹದಲ್ಲಿ ಯಾರ ಹೆಸರೂ ಇಲ್ಲ, ನನ್ನದೂ ಇಲ್ಲ. ಹೆದರಿ ಬಿಟ್ಟದ್ದಲ್ಲ. ಹೆಸರಿನ ವಿಷಯದಲ್ಲಿ ನನಗೆ ಸಾಕೋ ಸಾಕಾಗಿದೆ.

ಕಡಬದ ನಮ್ಮ ಕಡೆ ಮನುಷ್ಯರಿಗೆ ಹೋಲಿಸಿದರೆ ಹೆಸರುಗಳು ಬಹಳ ಕಡಿಮೆ. ನಮ್ಮ ಬ್ಯಾರಿ ಮನೆಗಳಲ್ಲಿ ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುತ್ತಾರೆ, ಅದೇ ಹೆಸರು ಅವಳ ಚಿಕ್ಕಮ್ಮನ ಮಗಳಿಗೂ ಇರುತ್ತದೆ, ಆಚೆ ಮನೆಯ ಹುಡುಗಿಗೂ ಇರುತ್ತದೆ. ನನ್ನ ಹೆಸರಿನ ಹೆಂಗಸರನ್ನೆಲ್ಲ ಹತ್ತಿಸಿದರೆ ಪುತ್ತೂರಿಗೆ ಹೋಗುವ ಒಂದು ಬಸ್ಸು ತುಂಬೀತು. ಹಾಗಾಗಿ ಪ್ರತಿ ಹೆಸರಿನ ಜೊತೆ ಒಂದು ಗುರುತು ಅಂಟಿಕೊಳ್ಳುತ್ತದೆ. ಮನೆಯ ಗುರುತು, ಕಸುಬಿನ ಗುರುತು, ಇಲ್ಲವೇ ಬಾಳಿನಲ್ಲಿ ಆಗಿಹೋದ ಒಂದು ಕೇಡಿನ ಗುರುತು. ಕುಂಟನ ಮಗಳು. ಎರಡನೇ ಸಂಬಂಧದವಳು. ಗಲ್ಫಿನಿಂದ ಬರಿಗೈಯಲ್ಲಿ ಬಂದವ. ಸುಳ್ಯದ ಕಡೆಯ ಗೌಡರ ಮನೆಗಳಲ್ಲೂ ಹೀಗೆಯೇ ಇದೆ ಎಂದು ಕೇಳಿದ್ದೇನೆ.

ಇದರಿಂದ ಯಾರಿಗೂ ನೋವಾಗುತ್ತಿರಲಿಲ್ಲ, ಯಾಕೆಂದರೆ ಇದಕ್ಕೊಂದು ಕ್ರಮವಿತ್ತು. ಹೆಸರು ಎದುರು ಕರೆಯುವುದಕ್ಕೆ, ಗುರುತು ಹಿಂದಿನಿಂದ ಹೇಳುವುದಕ್ಕೆ. ಅಂಗಳಕ್ಕೆ ಬಂದವಳನ್ನು ನೋಡಿ "ಯಾರು, ಗಂಡ ಬಿಟ್ಟವಳಾ?" ಎಂದು ನಮ್ಮಲ್ಲಿ ಎಂಥ ಬಾಯಿಬಡುಕಿಯೂ ಕೇಳುವುದಿಲ್ಲ. "ಬಾ, ಒಳಗೆ ಬಾ, ಎಂತ ಬಿಸಿಲು" ಎನ್ನುತ್ತಾಳೆ. ಅವಳು ಹೋದ ಮೇಲೆ ಗುರುತು ಹೊರಗೆ ಬರುತ್ತದೆ, ಅದೂ ನಾಲ್ಕು ಗೋಡೆಗಳ ನಡುವೆ. ನಮಗೆ ಗೊತ್ತಿದ್ದ ಸಭ್ಯತೆ ಇಷ್ಟೇ, ಆದರೆ ಅದನ್ನು ಎಲ್ಲರೂ ಪಾಲಿಸುತ್ತಿದ್ದರು.

ಫೋನು ಬಂದ ಮೇಲೆ ಈ ಗುರುತುಗಳನ್ನೆಲ್ಲ ಅದರೊಳಗೆ ತುಂಬಿಸಿದೆವು. ಬೇರೆ ದಾರಿಯಿರಲಿಲ್ಲ. ಒಂದೇ ಹೆಸರಿನ ಹನ್ನೆರಡು ಜನರಲ್ಲಿ ಕರೆದದ್ದು ಯಾರೆಂದು ತಿಳಿಯಬೇಕಲ್ಲ. ಫೋನು ನಮ್ಮ ಕೈಯಲ್ಲಿದೆ, ಒಳಗಿದ್ದದ್ದು ಒಳಗೇ ಇರುತ್ತದೆ ಎಂದುಕೊಂಡಿದ್ದೆವು.

ನನ್ನ ಕಸುಬು ಅಡುಗೆ. ನಾವು ಪತ್ತಿರ್ ಎನ್ನುವ ತೆಳ್ಳಗಿನ ಅಕ್ಕಿರೊಟ್ಟಿ, ಅದಕ್ಕೆ ಕೋಳಿಸಾರು, ರಂಜಾನಿನ ನೋಂಬಿನ ತಿಂಗಳಲ್ಲಿ ಸಂಜೆಯ ಹೊತ್ತಿಗೆ ಕರಿದ ತಿಂಡಿ. ಗಂಡ ಗಲ್ಫಿನಲ್ಲಿ. ಮನೆಯಲ್ಲಿ ಅತ್ತೆ, ಕಾಲೇಜಿಗೆ ಹೋಗುವ ಮಗಳು ಮತ್ತು ನಾನು. ಅವರು ಕಳಿಸಿದ್ದರಲ್ಲಿ ಮನೆ ನಡೆಯುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಆ ಅಡುಗೆಮನೆ ನನ್ನದು, ನಾನು ಕಟ್ಟಿದ್ದು. ನೆರೆಕರೆಯ ನಾಲ್ಕು ಮನೆಗೆ ಸುಟ್ಟುಕೊಡುತ್ತಿದ್ದವಳಿಗೆ ರಾಮಕುಂಜ, ಕೊಯಿಲ, ಆಮೇಲೆ ಪುತ್ತೂರಿನಿಂದಲೂ ಆರ್ಡರ್ ಬರತೊಡಗಿತು. ಮದುವೆಮನೆಯಲ್ಲಿ ಗುರುತಿಲ್ಲದ ಹೆಂಗಸರು ನನ್ನ ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು, "ಬೆರಳು ಕಾಣ್ತದೆ ನೋಡಿ" ಎಂದು ಹೇಳುವುದನ್ನು ಕೇಳಿಯೇ ನನಗೆ ಹೊಟ್ಟೆ ತುಂಬುತ್ತಿತ್ತು. ನನ್ನ ಕೈಯಡುಗೆಯ ಬಗ್ಗೆ ನನಗೆ ಸೊಕ್ಕು ಇದೆ. ಈಗಲೂ ಇದೆ.

ಎರಡು ವರ್ಷಗಳ ಹಿಂದೆ ಹೊಸಬರು ಬರುವುದು ನಿಂತಿತು. ಹಳಬರು ಎಂದಿನಂತೆ ಫೋನ್ ಮಾಡುತ್ತಿದ್ದರು, ನಗುತ್ತಿದ್ದರು, ಒಯ್ಯುತ್ತಿದ್ದರು. ಹೊಸಬರು ಮಾತ್ರ ಯಾರಿಂದಲೋ ನಂಬರ್ ಪಡೆದು ಮೆಸೇಜ್ ಹಾಕುವರು, ನಾನು ತಿರುಗಿ ಫೋನ್ ಮಾಡಿದರೆ ಎತ್ತುವುದಿಲ್ಲ. ಎತ್ತಿದರೂ ಅರ್ಧ ಮಾತಿಗೆ "ಮತ್ತೆ ಹೇಳ್ತೇವೆ" ಎಂದು ಇಟ್ಟುಬಿಡುವರು. ಒಬ್ಬಳಂತೂ ಇಪ್ಪತ್ತು ಜನರ ಊಟ ಹೇಳಿ, ಮರುದಿನ ಬೆಳಿಗ್ಗೆ ಪ್ರೋಗ್ರಾಮೇ ಇಲ್ಲ ಎಂದಳು. ಅದೇ ದಿನ ಅವಳ ಮನೆಯ ಶಾಮಿಯಾನದ ಮುಂದೆಯೇ ನಮ್ಮ ಬಸ್ಸು ಹಾದುಹೋಯಿತು.

ನನಗೆ ತಲೆಬುಡ ಅರ್ಥವಾಗಲಿಲ್ಲ. ಉಪ್ಪು ಹೆಚ್ಚಾಯಿತೇ, ಅಕ್ಕಿ ಬದಲಾಯಿತೇ, ಮಾತು ಒರಟಾಯಿತೇ? ನನ್ನ ಮಾತು ಒರಟೇ, ಆದರೆ ಅದು ಮೊದಲಿನಿಂದಲೂ ಒರಟು. ಪುತ್ತೂರಿನಲ್ಲಿ ಹೊಸದಾಗಿ ಬೋರ್ಡು ಹಾಕಿ ಕೇಟರಿಂಗ್ ಶುರುಮಾಡಿದ್ದ ಒಬ್ಬಾಕೆ ನನ್ನ ಬಗ್ಗೆ ಏನೋ ಹಬ್ಬಿಸಿದ್ದಾಳೆ ಎಂದು ಮನಸ್ಸಿನಲ್ಲೇ ಅವಳಿಗೆ ಶಾಪ ಹಾಕಿದೆ. ಅತ್ತೆ ಮಾತ್ರ ಗಟ್ಟಿಯಾಗಿ ಹೇಳಿದರು, "ಕಣ್ಣು ಬಿದ್ದದ್ದು, ಬೇರೆ ಎಂತದೂ ಅಲ್ಲ." ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರು. ಮನೆಯಿಡೀ ಕೆಮ್ಮಿದೆವು.

ಸಂಗತಿ ಗೊತ್ತಾದದ್ದು ಪುತ್ತೂರಿನ ಒಂದು ದಿನಸಿ ಅಂಗಡಿಯಲ್ಲಿ. ರೊಟ್ಟಿಗೆ ಬೇಕಾದ ಬೆಳ್ತಿಗೆ ಅಕ್ಕಿ ನಾನು ಅಲ್ಲಿಂದಲೇ ತರುತ್ತಿದ್ದೆ. ಅಂಗಡಿಯವರು ಹೊಸ ಫೋನು ತೆಗೆದುಕೊಂಡಿದ್ದರು, ಹಳೆಯ ನಂಬರುಗಳೆಲ್ಲ ಹೋಗಿದ್ದವು. "ಒಂದು ಮಿಸ್ಡ್ ಕಾಲ್ ಕೊಡಿ, ಸೇವ್ ಮಾಡಿಕೊಳ್ತೇನೆ" ಎಂದರು. ಕೊಟ್ಟೆ. ಮೇಜಿನ ಮೇಲಿದ್ದ ಅವರ ಫೋನು ಕೆಂಪಗೆ ಬೆಳಗಿತು. ಅದರಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಮೊದಲು ಟಿ.ಬಿ. ಎಂದಿತ್ತು, ಆಮೇಲೆ ನನ್ನ ಹೆಸರು, ಆಮೇಲೆ ಕಡಬ.

ತಲೆಕೆಳಗಾಗಿ ಓದಿದೆ, ಆದರೂ ಸರಿಯಾಗಿಯೇ ಓದಿದೆ. ಅವರೂ ಓದಿದರು. ಕೂಡಲೇ ಫೋನನ್ನು ಮಗುಚಿಹಾಕಿ, "ಅದು ಎಂತೆಂತದೋ ತೋರಿಸ್ತದೆ, ನೀವು ತಲೆಗೆ ಹಾಕಿಕೊಳ್ಳಬೇಡಿ" ಎಂದರು. ಆ ಮನುಷ್ಯನಿಗೆ ಸಭ್ಯತೆ ಇತ್ತು. ನಾನು ಅಕ್ಕಿಯ ಚೀಲವನ್ನು ಅಲ್ಲೇ ಬಿಟ್ಟು ಬಸ್‌ಸ್ಟ್ಯಾಂಡಿಗೆ ನಡೆದೆ. ಉಪ್ಪಿನಂಗಡಿ ದಾಟುವವರೆಗೂ ಪಕ್ಕದಲ್ಲಿ ಯಾರು ಕೂತಿದ್ದಾರೆಂದು ನೋಡಲಿಲ್ಲ.

ಅದು ಸುಳ್ಳಲ್ಲ ಎನ್ನುವುದೇ ನನ್ನ ಕಷ್ಟ. ಮಗಳು ಪ್ರೈಮರಿ ಶಾಲೆಯಲ್ಲಿದ್ದಾಗ ನನಗೆ ಟಿ.ಬಿ. ಬಂದಿತ್ತು. ಔಷಧಿಯಲ್ಲಿ ಪೂರ್ತಿ ವಾಸಿಯಾಯಿತು, ಡಾಕ್ಟರು ಕಫ ಪರೀಕ್ಷೆ ಮಾಡಿಸಿ ಇನ್ನು ಎಂತದೂ ಇಲ್ಲ ಎಂದು ಹೇಳಿ ಕಳಿಸಿದರು. ಅಡುಗೆಯ ಕೆಲಸ ಶುರುಮಾಡಿದ್ದು ಅದಾಗಿ ಎಷ್ಟೋ ಕಾಲದ ಮೇಲೆ. ಆದರೆ ನಮ್ಮ ಕಡೆ ಆ ಕಾಯಿಲೆ ಮೈಯಿಂದ ಹೋದರೂ ಮನೆಯಿಂದ ಹೋಗುವುದಿಲ್ಲ, ಮೊಮ್ಮಕ್ಕಳ ಮದುವೆಯ ಮಾತಿನಲ್ಲೂ ಎದ್ದು ಬರುತ್ತದೆ. ಅದಕ್ಕೇ ಗಂಡ ಮತ್ತು ಉಮ್ಮ, ಅಂದರೆ ನನ್ನ ತಾಯಿ, ಇವರಿಬ್ಬರನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ಅತ್ತೆಗೆ ರಕ್ತ ಕಡಿಮೆ ಎಂದು ಹೇಳಿ ತವರುಮನೆಯಲ್ಲಿ ಇದ್ದೆ.

ಇನ್ನೊಬ್ಬರಿಗೆ ಗೊತ್ತಿತ್ತು. ಉಮ್ಮನ ಮನೆಯ ಕಡೆ ಆರೋಗ್ಯ ಕಾರ್ಯಕರ್ತೆಯಾಗಿದ್ದ ಒಬ್ಬ ಗೌಡರ ಅಕ್ಕ. ಅವರ ತವರು ಸುಳ್ಯದ ಕಡೆಯ ಮರ್ಕಂಜ, ಮನೆಯಲ್ಲಿ ಅರೆಭಾಷೆ ಆಡುವವರು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ನಾನು ಮಾತ್ರೆ ನುಂಗುವುದನ್ನು ಕಣ್ಣಾರೆ ನೋಡುವುದು ಅವರ ಕೆಲಸ. ಬೇರೆಯವರಾದರೆ ಸಮವಸ್ತ್ರದ ಸೀರೆ ಉಟ್ಟು, ಚೀಲ ನೇತುಹಾಕಿ, ಎದುರು ಬಾಗಿಲಿಗೆ ಬರುತ್ತಿದ್ದರು, ಊರಿಡೀ ಡಂಗುರ ಹೊಡೆದ ಹಾಗೆ ಆಗುತ್ತಿತ್ತು. ಈ ಅಕ್ಕ ಮನೆಯ ಸೀರೆಯಲ್ಲಿ, ಕೈಯಲ್ಲೊಂದು ಬಸಳೆಯ ಕಟ್ಟು ಹಿಡಿದು, ಹಿತ್ತಿಲಿನಿಂದ ಬರುತ್ತಿದ್ದರು. ಯಾರಾದರೂ ಕೂತಿದ್ದರೆ ಬಸಳೆಯ ಬೆಲೆ ಮಾತಾಡಿ, ಅವರು ಏಳುವವರೆಗೆ ಕಾಯುತ್ತಿದ್ದರು. ಮಾತ್ರೆ ತಿಂದು ವಾಂತಿ ಬಂದಾಗ ಬೆನ್ನು ಸವರಿದ್ದು ಅವರೇ. ತಮ್ಮ ಗಂಡನಿಗೂ ಹೇಳಿರಲಿಲ್ಲ. ಗುಟ್ಟು ಕಾಯುವುದರಲ್ಲಿ ಅವರಂಥವರನ್ನು ನಾನು ಮತ್ತೆ ನೋಡಲಿಲ್ಲ.

ಸಂಜೆ ಮಗಳು ಕಾಲೇಜಿನಿಂದ ಬಂದ ಮೇಲೆ ಅವಳನ್ನು ಒಳಗೆ ಕರೆದು ಬಾಗಿಲು ಹಾಕಿದೆ. ಮನೆಯಲ್ಲಿ ನಾವು ಆಡುವುದು ಬ್ಯಾರಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವಳಿಗೆ ಮೊದಲು ಕಾಯಿಲೆಯ ವಿಷಯ ಹೇಳಬೇಕಾಯಿತು. ಅವಳು ಕಾಲೇಜಿನ ಚೀಲ ಕೆಳಗಿಟ್ಟು, "ನನಗೆ ಗೊತ್ತುಂಟು ಉಮ್ಮ" ಎಂದಳು. ಅವಳ ಗೆಳತಿಯೊಬ್ಬಳ ಫೋನಿನಲ್ಲಿ ಆರು ತಿಂಗಳ ಹಿಂದೆಯೇ ನೋಡಿದ್ದಳಂತೆ. ನನಗೆ ಬೇಸರವಾಗುತ್ತದೆ ಎಂದು ಹೇಳಿರಲಿಲ್ಲ.

ಅವಳು ಬಿಡಿಸಿ ಹೇಳಿದಳು. ಯಾರು ಕರೆಯುತ್ತಿದ್ದಾರೆಂದು ಹೆಸರು ತೋರಿಸುವ ಒಂದು ಆ್ಯಪ್ ಇದೆ, ಸಾಲ ಕೊಡುವವರು ಮೋಸ ಮಾಡುವವರು ಪೀಡಿಸಬಾರದೆಂದು ಈಗ ಎಲ್ಲರೂ ಹಾಕಿಕೊಂಡಿದ್ದಾರೆ. ಅದನ್ನು ಹಾಕಿಕೊಂಡವರ ಫೋನಿನಲ್ಲಿರುವ ಹೆಸರುಗಳನ್ನೆಲ್ಲ ಅದು ಎತ್ತಿಕೊಂಡು ಹೋಗುತ್ತದೆ. ಯಾರೋ ಒಬ್ಬರು ನನ್ನನ್ನು ಯಾವ ಗುರುತಿನಿಂದ ಇಟ್ಟುಕೊಂಡಿದ್ದರೋ ಅದನ್ನೇ ಉಳಿದವರಿಗೆಲ್ಲ ತೋರಿಸುತ್ತದೆ. ಆದರೆ ನನ್ನ ನಂಬರನ್ನು ಮೊದಲೇ ಇಟ್ಟುಕೊಂಡವರಿಗೆ ಅವರು ಇಟ್ಟುಕೊಂಡ ಹೆಸರೇ ಕಾಣುತ್ತದೆ. ಹಾಗಾಗಿ ನನ್ನವರ ಫೋನಿನಲ್ಲಿ ನಾನು ನಾನೇ ಆಗಿದ್ದೆ, ಗುರುತಿಲ್ಲದವರ ಫೋನಿನಲ್ಲಿ ಮಾತ್ರ ಟಿ.ಬಿ. ಆಗಿದ್ದೆ.

"ಕೆಂಪು ಬಣ್ಣ ಎಂತದಕ್ಕೆ?" ಎಂದು ಕೇಳಿದೆ.

"ತುಂಬ ಜನ ನಿನ್ನ ನಂಬರ್ ಬ್ಲಾಕ್ ಮಾಡಿದ್ದಾರೆ. ಆಗ ಅದು ಇವರು ಮೋಸದವರು ಅಂತ ಲೆಕ್ಕ ಹಾಕ್ತದೆ."

ಇದನ್ನು ಅರಗಿಸಿಕೊಳ್ಳಲು ನನಗೆ ತುಂಬ ದಿನ ಬೇಕಾಯಿತು. ಟಿ.ಬಿ. ಎಂದು ಓದಿ ಹೆದರಿದವರು ಗುಂಡಿ ಒತ್ತಿದರು. ಒತ್ತಿದವರು ಹೆಚ್ಚಾದರೆಂದು ಯಂತ್ರ ನನಗೆ ಕೆಂಪು ಬಳಿಯಿತು. ಕೆಂಪು ನೋಡಿ ಇನ್ನಷ್ಟು ಜನ ಒತ್ತಿದರು. ಊರಿನ ಹೆದರಿಕೆಯನ್ನೇ ನನ್ನ ವಿರುದ್ಧ ಸಾಕ್ಷಿ ಮಾಡಿಕೊಂಡ ಆ ಯಂತ್ರಕ್ಕೆ ನನ್ನ ಕಡೆಯ ಮಾತು ಕೇಳಬೇಕೆಂದು ಯಾರೂ ಕಲಿಸಿರಲಿಲ್ಲ. ಊರಿನ ಬಾಯಿಬಡುಕಿಯರಾದರೂ ಎದುರು ಸಿಕ್ಕಾಗ ನಾಚಿಕೊಳ್ಳುತ್ತಾರೆ.

ಮಗಳು ಅವರಿಗೆ ದೂರು ಬರೆದಳು. ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಉತ್ತರ ಬಂತು. ನಿಮ್ಮ ಖಾಸಗಿತನ ನಮಗೆ ಬಹಳ ಮುಖ್ಯ ಎಂದು ಶುರುವಾಗಿತ್ತು. ನನ್ನ ಮೈ ಉರಿಯಿತು. ಹೆಸರು ತಿದ್ದಬೇಕಾದರೆ ನೀವೂ ನಮ್ಮ ಆ್ಯಪ್ ಹಾಕಿಕೊಂಡು ನಿಮ್ಮ ಸರಿಯಾದ ಹೆಸರು ಕೊಡಬಹುದು ಎಂದು ಕೊನೆಯಲ್ಲಿತ್ತು. ಮತ್ತೆ ಬರೆದಳು, ಅದೇ ಉತ್ತರ ಬಂತು. ಅವಳು ಗುಣವಾದ ಟಿ.ಬಿ. ಅಂಟುತ್ತದೆಯೇ ಎಂದು ಎಲ್ಲೋ ಹುಡುಕಿದ್ದಳು, ಒಂದು ವಾರ ನಮ್ಮಿಬ್ಬರ ಫೋನಿನಲ್ಲೂ ಕೆಮ್ಮಿನ ಟಾನಿಕ್ಕಿನ ಜಾಹೀರಾತು ಬಂದದ್ದೇ ಬಂದದ್ದು. ನಾವು ಒಳಗೆ ಬಾಗಿಲು ಹಾಕಿಕೊಂಡು ಪಿಸುಗುಟ್ಟಿದ್ದನ್ನು ಅದು ಮಾರಲು ಹೊರಟಿತ್ತು.

ಯಾರ ಫೋನಿನಿಂದ ಹೋಗಿರಬೇಕೆಂದು ಯೋಚಿಸುವ ಅಗತ್ಯವಿರಲಿಲ್ಲ. ಗಂಡ, ಉಮ್ಮ ಬಿಟ್ಟರೆ ಆ ಎರಡು ಅಕ್ಷರ ಗೊತ್ತಿದ್ದದ್ದು ಒಬ್ಬರಿಗೇ. ಸಿಟ್ಟಿನಲ್ಲಿ ಕುದಿಯುತ್ತಾ ಅಕ್ಕನ ಮನೆಗೆ ಹೋದೆ. ಅವರು ಈಗ ಕೆಲಸ ಬಿಟ್ಟಿದ್ದಾರೆ, ಮಂಡಿನೋವು. ಚಾವಡಿಯಲ್ಲಿ ಕಾಲು ಚಾಚಿ ಕೂತಿದ್ದವರು ನನ್ನನ್ನು ಕಂಡು, "ಎಂತ ಮಾರಾಯ್ತಿ, ಇಷ್ಟು ಅಪರೂಪ, ಕೂತ್ಕೊ" ಎಂದು ಏಳಲು ನೋಡಿದರು.

"ಅಕ್ಕಾ, ನಿಮ್ಮ ಫೋನಿನಲ್ಲಿ ನನ್ನ ಹೆಸರು ಎಂತ ಅಂತ ಉಂಟು?"

ಅವರು ನಕ್ಕರು. ಫೋನು ತೆಗೆದು ತೋರಿಸಿದರು. "ಟಿ.ಬಿ. ಅಂತ ಹಾಕಿದ್ದೆ, ಆಗ ನಿನ್ನ ಹೆಸರಿನವರೇ ಮೂರು ಜನ ಇದ್ದರಲ್ಲ. ಒಬ್ಬಳು ಬಾಣಂತಿ, ಒಬ್ಬಳು ಶುಗರ್. ತಪ್ಪಿ ಬೇರೆಯವಳಿಗೆ ಫೋನ್ ಮಾಡಿ ಮಾತ್ರೆ ತಿಂದೆಯಾ ಅಂತ ಕೇಳಿದರೆ ನಿನ್ನ ಗುಟ್ಟು ಹೋಗ್ತದಲ್ಲ. ಅದಕ್ಕೇ ಹಾಗೆ ಗುರುತು ಮಾಡಿದ್ದು."

ನನ್ನ ಗುಟ್ಟು ಉಳಿಸಲಿಕ್ಕೇ ಬರೆದದ್ದು. ನಾನು ಕೂಗಾಡಲು ಬಂದವಳು ಮೆಟ್ಟಿಲ ಮೇಲೆ ಕೂತೆ. ನಡೆದದ್ದನ್ನು ಹೇಳಿದೆ. ಆ್ಯಪ್ ಯಾವಾಗ ಹಾಕಿಕೊಂಡಿರಿ ಎಂದು ಕೇಳಿದೆ. ಸಾಲ ಬೇಕಾ ಎಂದು ದಿನಾ ಯಾರೋ ಫೋನ್ ಮಾಡುತ್ತಿದ್ದರಂತೆ, ಮಗ ಊರಿಗೆ ಬಂದಾಗ ಹಾಕಿಕೊಟ್ಟನಂತೆ. "ಅದು ಕೇಳಿದ್ದಕ್ಕೆಲ್ಲ ಹೌದು ಹೌದು ಅಂತ ಒತ್ತಿದ್ದೇನೆ. ಎಂತ ಕೇಳ್ತಾ ಉಂಟು ಅಂತ ಯಾರಿಗೆ ಗೊತ್ತು?" ಎಂದರು. ಅವರ ಮುಖ ಸಣ್ಣದಾಗುತ್ತಾ ಹೋಯಿತು. ಆಮೇಲೆ ಅಳತೊಡಗಿದರು. ಬಾಣಂತಿ, ಶುಗರ್, ಇನ್ನೂ ಯಾವ್ಯಾವ ಗುರುತುಗಳು ಹೋಗಿವೆಯೋ ಎಂದು ಒಂದೊಂದೇ ನೆನಪಾಗಿರಬೇಕು. ಗರ್ಭ ತೆಗೆಸಿದವರಿದ್ದರು, ಕುಡುಕ ಗಂಡಂದಿರಿದ್ದರು, ಹೇಳಬಾರದ ಕಾಯಿಲೆಯವರೂ ಇದ್ದರು.

"ನಾನು ಮನೆಮನೆಗೆ ಹೋಗಿ ಹೇಳ್ತೇನೆ, ಇವಳಿಗೆ ಪೂರ್ತಿ ಗುಣ ಆಗಿದೆ ಅಂತ" ಎಂದರು.

"ಬೇಡ ಅಕ್ಕಾ. ಗೊತ್ತಿಲ್ಲದವರಿಗೂ ಗೊತ್ತಾಗ್ತದೆ."

ನನಗೆ ಅವರ ಮೇಲೆ ಸಿಟ್ಟು ಉಳಿಯಬೇಕಿತ್ತು, ಉಳಿಯಲಿಲ್ಲ. ಅದು ಇನ್ನೂ ಕೆಟ್ಟದ್ದು. ಬೈಯುವುದಕ್ಕೆ ಒಂದು ಮುಖ ಬೇಕು, ಇಲ್ಲಿ ಮುಖವೇ ಇರಲಿಲ್ಲ. ಅವರ ಫೋನಿನಿಂದ ನನ್ನ ಗುರುತನ್ನು ಅಳಿಸಿದೆವು, ಆ್ಯಪ್ ಕೂಡ ತೆಗೆದೆವು. ಮರುದಿನ ಮಗಳು ಬೇರೆ ಫೋನಿನಲ್ಲಿ ನೋಡಿದರೆ ಟಿ.ಬಿ. ಹಾಗೆಯೇ ಇತ್ತು. ಒಮ್ಮೆ ಹೋದದ್ದು ಹೋಯಿತು.

ಹೊಸ ನಂಬರು ತೆಗೆದುಕೊಂಡರೆ ಮುಗಿಯಿತಲ್ಲ ಎಂದು ಗಂಡ ಗಲ್ಫಿನಿಂದ ಹೇಳಿದರು. ಅಲ್ಲಿ ಕೂತವರಿಗೆ ಎಲ್ಲವೂ ಸುಲಭ. ಆದರೂ ಹೋಗಿ ಹೊಸ ಸಿಮ್ ತಂದೆ. ಮಗಳು ತನ್ನ ಗೆಳತಿಗೆ ಅದರಿಂದ ಫೋನ್ ಮಾಡಿ ಏನು ಬರುತ್ತದೆಂದು ಕೇಳಿದಳು. ಅದೂ ಕೆಂಪು. ಯಾವನೋ ಗಂಡಸಿನ ಹೆಸರು, ಅದರ ಮುಂದೆ ಚೆಕ್ ಬೌನ್ಸ್ ಎಂದಿತ್ತು. ಯಾರೋ ಬಿಟ್ಟ ನಂಬರನ್ನು ಕಂಪೆನಿಯವರು ನನಗೆ ಕೊಟ್ಟಿದ್ದರು, ಅವನ ಪಾಪದ ಸಮೇತ. ಮಗಳು ನಕ್ಕಳು, ನಾನೂ ನಕ್ಕೆ. ಬಹಳ ದಿನಗಳ ಮೇಲೆ ನಕ್ಕದ್ದು ಅದಕ್ಕೆ. ಸಿಮ್ ತೆಗೆದು ಡಬ್ಬಿಗೆ ಹಾಕಿದೆ.

ಇಷ್ಟಾದರೂ ಒಂದು ದೊಡ್ಡ ಆರ್ಡರ್ ಕೈಯಲ್ಲಿತ್ತು. ಕೊಯಿಲದ ಒಂದು ಮದುವೆ. ಹುಡುಗಿಯ ತಾಯಿ ನನ್ನ ಹಳೆಯ ಗಿರಾಕಿ, ಪ್ರತಿ ನೋಂಬಿಗೂ ನನ್ನಲ್ಲಿಂದಲೇ ಒಯ್ಯುತ್ತಿದ್ದಳು. ಅಕ್ಕಿ ತಂದಾಗಿತ್ತು, ಇಬ್ಬರು ಹೆಂಗಸರಿಗೆ ಕೆಲಸಕ್ಕೆ ಹೇಳಿಯಾಗಿತ್ತು. ಈ ಮದುವೆ ಚೆನ್ನಾಗಿ ನಡೆದರೆ ಅಲ್ಲಿ ಉಂಡವರು ಬಾಯಿಂದ ಬಾಯಿಗೆ ಹೇಳುತ್ತಾರೆ, ಯಾವ ಆ್ಯಪ್ ಏನು ಹೇಳಿದರೂ ನನ್ನ ಅಡುಗೆಮನೆ ಉಳಿಯುತ್ತದೆ ಎಂದು ನಂಬಿದ್ದೆ. ಬೇರೆ ಆಸೆ ಇರಲಿಲ್ಲ.

ಮದುವೆಗೆ ತಿಂಗಳಿರುವಾಗ ಆಕೆ ಕಾರಿನಲ್ಲಿ ಬಂದಳು. ಸಿಟೌಟಿನಲ್ಲಿ ಕುರ್ಚಿಯ ತುದಿಯಲ್ಲಿ ಕೂತಳು. ಚಹಾ ತಂದರೆ ಬೇಡ ಎಂದಳು. ಆಗಲೇ ಅರ್ಥವಾಯಿತು.

"ನನಗೆ ಎಂತದೂ ಇಲ್ಲ ಮಾರಾಯ್ತಿ" ಎಂದಳು. "ನಿನ್ನ ಕೈಯ ಪತ್ತಿರ್ ಎಷ್ಟು ವರ್ಷದಿಂದ ತಿಂತಾ ಇದ್ದೇನೆ. ಆದರೆ ಸುಳ್ಯದವರು, ಗಂಡಿನ ಕಡೆಯವರು. ನೀನು ಮೊನ್ನೆ ಹುಡುಗನ ಸೋದರತ್ತೆಗೆ ಫೋನ್ ಮಾಡಿದ್ದೆಯಲ್ಲ, ಸಾರಿಗೆ ಖಾರ ಎಷ್ಟು ಬೇಕು ಅಂತ ಕೇಳ್ಲಿಕ್ಕೆ. ಆಗ ಅವರ ಫೋನಿನಲ್ಲಿ ಎಂತದೋ ಬಂತಂತೆ."

ಗಡಿಬಿಡಿಯಲ್ಲಿ ಮಗಳ ಫೋನಿನಿಂದ ಮಾಡುವುದನ್ನು ಮರೆತಿದ್ದೆ.

"ಡಾಕ್ಟರದ್ದು ಒಂದು ಕಾಗದ ಉಂಟಾ? ಈಗ ಎಂತದೂ ಇಲ್ಲ ಅಂತ. ಅದನ್ನು ತೋರಿಸಿದರೆ ಅವರೂ ಒಪ್ಪಿಯಾರು."

"ಈಗ ಇಲ್ಲ ಅಂತ ಕಾಗದ ಕೊಟ್ಟರೆ ಮೊದಲು ಇತ್ತು ಅಂತ ನಾನೇ ಬರೆದು ಕೊಟ್ಟ ಹಾಗೆ ಆಯ್ತಲ್ಲ."

"ಅದು ಹೌದು" ಎಂದು ಆಕೆ ನೆಲ ನೋಡಿದಳು.

"ನಿಮ್ಮ ಗಂಡಿನ ಕಡೆಯವರದ್ದು ಡಾಕ್ಟರ ಕಾಗದ ನೀವು ಕೇಳಿದ್ದೀರಾ?"

ಆಕೆ ಎದ್ದಳು. ಒಳಗಿನಿಂದ ಅತ್ತೆ ಬಂದು, ಯಾಕೆ ಚಹಾ ಕುಡಿಯದೆ ಹೊರಟಿರಿ ಎಂದು ಉಪಚಾರ ಮಾಡಿದರು. ಗುಂಡಿಯ ಹಳೆಯ ಫೋನು ಇಟ್ಟುಕೊಂಡಿರುವ ಅತ್ತೆಗೆ ಮಾತ್ರ ಈ ಊರಿನಲ್ಲಿ ನನ್ನ ಕಾಯಿಲೆಯ ವಿಷಯ ಇವತ್ತಿಗೂ ಗೊತ್ತಿಲ್ಲ.

ಕಾರು ಹೋದ ಮೇಲೆ ಮಗಳು ನನ್ನ ಫೋನು ಕಿತ್ತುಕೊಂಡಳು. ಅವಳಿಗೆ ಅಳು ಬಂದಿತ್ತು. "ಸಾಕು ಉಮ್ಮ, ಆ ಆ್ಯಪ್ಪೇ ಹಾಕಿಬಿಡುವ. ಅವರೇ ಹೇಳಿದ್ದಾರಲ್ಲ, ಹಾಕಿಕೊಂಡರೆ ಹೆಸರು ಸರಿ ಮಾಡ್ಲಿಕ್ಕೆ ಆಗ್ತದೆ ಅಂತ." ಹಾಕಿದಳು. ನನ್ನ ಹೆಸರು ಬರೆದಳು. ಆಮೇಲೆ ಒಂದು ಕಡೆ ನಿಂತಿತು. ನನ್ನ ಫೋನಿನಲ್ಲಿರುವ ಹೆಸರು, ನಂಬರುಗಳನ್ನೆಲ್ಲ ನೋಡಲು ಒಪ್ಪಿಗೆ ಇದೆಯೇ ಎಂದು ಕೇಳಿತು.

"ತಡಿ" ಎಂದೆ. "ಅದರಲ್ಲಿ ಎಂತ ಉಂಟು ಅಂತ ನೋಡುವ."

ನನ್ನ ಗಿರಾಕಿಗಳನ್ನು ಒಬ್ಬೊಬ್ಬರಾಗಿ ಓದಿದೆ. ಶುಗರ್ ಅಜ್ಜಿ, ಸಿಹಿ ಬೇಡ. ಗಂಡ ಕುಡಿಯುವುದು, ಗೇಟಿನಲ್ಲೇ ಕೊಡುವುದು. ಮಕ್ಕಳಿಲ್ಲದ ಟೀಚರ್, ರಾಮಕುಂಜ. ಎರಡನೆಯವಳು, ಮೊದಲನೆಯವಳಿಗೆ ಹೇಳಬಾರದು. ಅಡುಗೆ ಮಾಡಿ ಮನೆಗೆ ಮುಟ್ಟಿಸುವವಳಿಗೆ ಇದೆಲ್ಲ ಗೊತ್ತಿರಲೇಬೇಕು, ಇಲ್ಲದಿದ್ದರೆ ಒಂದು ಮನೆಯ ಬುತ್ತಿ ಇನ್ನೊಂದು ಮನೆಯಲ್ಲಿ ಜಗಳ ತರುತ್ತದೆ. ಎಷ್ಟೋ ಹೆಂಗಸರು ನಂಬರ್ ಕೊಡುವಾಗಲೇ, "ಗಂಡಸರ ಕೈಗೆ ಹೋಗಬಾರದು" ಎಂದು ಹೇಳಿ ಕೊಟ್ಟದ್ದು.

ಕ ಅಕ್ಷರದ ಹತ್ತಿರ ಬಂದಾಗ ಈಗಷ್ಟೇ ಕಾರಿನಲ್ಲಿ ಹೋದವಳು 'ಕೊಯಿಲ, ದೊಡ್ಡ ಮಗಳು ಓಡಿಹೋದ ಮನೆ' ಎಂದು ಇದ್ದಳು.

ಗಂಡಿನ ಕಡೆಯವರಿಗೆ ಅವಳು, ದೊಡ್ಡ ಮಗಳು ದುಬಾಯಿಯಲ್ಲಿದ್ದಾಳೆ ಎಂದು ಹೇಳಿದ್ದಳು. ನನಗೆ ಅದೂ ಗೊತ್ತಿತ್ತು. ಮಗಳಿಗೂ ಗೊತ್ತಿತ್ತು, ಅವಳು ನನ್ನ ಮುಖ ನೋಡಿದಳು. ಒಪ್ಪಿಗೆ ಎಂಬಲ್ಲಿ ಒತ್ತಿದರೆ ನನ್ನ ಹೆಸರು ತೊಳೆದುಹೋಗುತ್ತಿತ್ತು, ಮುಂದೊಂದು ದಿನ ಸುಳ್ಯದ ಯಾವುದೋ ಫೋನಿನಲ್ಲಿ ಆಕೆಯ ಮನೆಯ ಗುರುತು ಬೆಳಗುತ್ತಿತ್ತು. ಒತ್ತಬೇಕೆಂದು ನನಗೆ ಅನಿಸಿತು. ನನ್ನ ಹೆಬ್ಬೆರಳು ಅಲ್ಲೇ ಇತ್ತು. ನನಗಾದದ್ದು ಅವಳಿಗೂ ಆಗಲಿ ಎಂದು ಬಯಸುವಷ್ಟು ಕೆಟ್ಟವಳೇ ನಾನು.

"ಎಲ್ಲರ ಗುರುತು ಅಳಿಸಿ ಬರೀ ಹೆಸರು ಇಡುವ, ಆಮೇಲೆ ಒತ್ತುವ" ಎಂದಳು ಮಗಳು. ಕೂತು ಒಂದಷ್ಟು ಅಳಿಸಿಯೂ ನೋಡಿದೆವು. ಒಂದೇ ಹೆಸರಿನ ಸಾಲು ಸಾಲು ಉಳಿಯಿತು, ಯಾರು ಯಾರೆಂದು ನನಗೇ ತಿಳಿಯದಾಯಿತು. ಗುರುತು ಅಳಿಸಿದರೂ ನಂಬರು ಹೋಗುತ್ತದೆ, ನನ್ನನ್ನು ನಂಬಿ ಕೊಟ್ಟ ನಂಬರು. ಆ ಹೆಂಗಸರಲ್ಲಿ ಒಬ್ಬಳಾದರೂ ಒಪ್ಪಿಗೆ ಕೊಟ್ಟಿದ್ದಾಳೆಯೇ? ನನ್ನ ಬಗ್ಗೆ ನನ್ನನ್ನು ಕೇಳದವರು ಈಗ ಆ ಹೆಂಗಸರ ಬಗ್ಗೆ ನನ್ನನ್ನು ಕೇಳುತ್ತಿದ್ದರು.

"ಬೇಡ. ತೆಗಿ ಅದನ್ನು" ಎಂದೆ.

ಮಗಳು ಮೂರು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಾನು ದೊಡ್ಡ ಮನಸ್ಸು ಮಾಡಿದೆನೆಂದು ಯಾರೂ ತಿಳಿಯಬೇಕಾಗಿಲ್ಲ, ಆ ರಾತ್ರಿಯಿಂದ ಇವತ್ತಿನವರೆಗೂ ಒತ್ತಬೇಕಿತ್ತು ಎಂದು ಎಷ್ಟೋ ಸಲ ಅನಿಸಿದೆ.

ಆಮೇಲೆ ಅಡುಗೆಮನೆ ತಾನಾಗಿ ಮುಚ್ಚಿತು. ಕೆಲಸಕ್ಕೆ ಹೇಳಿದ್ದ ಇಬ್ಬರಿಗೆ ಬೇಡ ಎಂದೆ. ದೊಡ್ಡ ಪಾತ್ರೆಗಳನ್ನು ಅಟ್ಟಕ್ಕೆ ಏರಿಸಿದೆ. ವಾರದೊಳಗೆ ಹಳಬರೂ ಒಬ್ಬೊಬ್ಬರಾಗಿ ಬಿಟ್ಟರು, ಅವರ ಹೊಸ ಸೊಸೆಯರು, ಹೊಸ ಅಳಿಯಂದಿರು ತಂತಮ್ಮ ಫೋನುಗಳಲ್ಲಿ ಓದಿ ಹೇಳಿರಬೇಕು. ಸುಮ್ಮನೆ ಕೂತರೆ ನನಗೆ ಹುಚ್ಚು ಹಿಡಿಯುತ್ತಿತ್ತು. ಕೊನೆಗೆ ಯಾರಿಗೆ ಮನಸ್ಸಿನಲ್ಲೇ ಶಾಪ ಹಾಕಿದ್ದೆನೋ, ಪುತ್ತೂರಿನ ಆ ಕೇಟರಿಂಗಿನವಳ ಬಾಗಿಲಿಗೇ ಹೋದೆ. ಫೋನ್ ಮಾಡಿ ಹೋಗಲಿಲ್ಲ, ನೇರ ಹೋಗಿ ಒಂದು ಪತ್ತಿರ್ ಸುಟ್ಟು ತೋರಿಸಿದೆ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿ, "ನಾಳೆಯಿಂದ ಬನ್ನಿ" ಎಂದಳು. ಪಾಪ, ಅವಳು ನನ್ನ ಬಗ್ಗೆ ಎಂದೂ ಏನೂ ಹೇಳಿದವಳಲ್ಲ. ನಂಬರ್ ಕೇಳಿದಾಗ ಮಗಳದ್ದನ್ನು ಕೊಟ್ಟೆ.

ಈಗ ಹಿಂದಿನ ಕೋಣೆಯಲ್ಲಿ ಕಾವಲಿಯ ಮುಂದೆ ನಿಲ್ಲುವುದು ನನ್ನ ಕೆಲಸ. ಊಟ ಬಡಿಸುವಲ್ಲಿಗೆ ನಾನು ಹೋಗುವುದಿಲ್ಲ. ಅವಳ ಫೋನ್ ಯಾರಿಗೆ ಹೋದರೂ ಹಸಿರು ಗುರುತಿನ ಜೊತೆ ಹೋಗುತ್ತದೆ, ನಂಬಬಹುದಾದವರು ಎಂದು ಅರ್ಥ. ಅದಕ್ಕೆ ಅವಳು ಹಣ ಕಟ್ಟುತ್ತಾಳೆ.

ಅಲ್ಲಿ ಸೇರಿದ ಎರಡನೇ ವಾರ ಗೋಡೆಯ ಬೋರ್ಡಿನಲ್ಲಿ ಕೊಯಿಲದ ಮದುವೆ ಎಂದು ಬರೆದಿತ್ತು. ಪತ್ತಿರ್ ತೆಳ್ಳಗಿರಬೇಕು, ಅಂಚು ಕಪ್ಪಾಗಬಾರದು, ಬಾಳೆಲೆ ಹಾಸಿದ ಬುಟ್ಟಿಯಲ್ಲೇ ತರಬೇಕು. ಇದು ಯಾರ ಮಾತೆಂದು ನನಗೆ ಹೇಳಿಕೊಡಬೇಕಾಗಿರಲಿಲ್ಲ, ಪ್ರತಿ ನೋಂಬಿಗೂ ನನಗೆ ಹೇಳುತ್ತಿದ್ದ ಮಾತೇ ಅದು. ಬೆಳಿಗ್ಗೆ ಕತ್ತಲಿರುವಾಗಲೇ ಬಂದು ಹಿಟ್ಟು ಕಲಸಿದೆ. ಕೊಯಿಲದಾಕೆಯ ಮನೆಯವರಿಗೂ ಸುಳ್ಯದಿಂದ ಬಂದವರಿಗೂ ಅಷ್ಟನ್ನೂ ನಾನೇ ಸುಟ್ಟೆ. ಕೆಟ್ಟದಾಗಿ ಸುಡಬೇಕೆಂದು ಒಮ್ಮೆ ಅನಿಸಿತು, ಕೈ ಕೇಳಲಿಲ್ಲ.

ಒಂದು ವಾರ ಕಳೆದು ಮಗಳು ಫೋನಿನಲ್ಲಿ ಏನೋ ಓದುತ್ತಾ ನನ್ನ ಪಕ್ಕಕ್ಕೆ ಬಂದಳು. ಕೇಟರಿಂಗಿನವಳ ಪುಟದಲ್ಲಿ ಕೊಯಿಲದಾಕೆ ಐದೂ ನಕ್ಷತ್ರ ಕೊಟ್ಟು ಬರೆದಿದ್ದಳು. ಪತ್ತಿರ್ ಬಹಳ ಚೆನ್ನಾಗಿತ್ತು, ಗಂಡಿನ ಕಡೆಯವರು ಕೇಳಿ ಕೇಳಿ ಹಾಕಿಸಿಕೊಂಡರು. ಶುಚಿತ್ವದ ಬಗ್ಗೆ ಧೈರ್ಯವಾಗಿ ನಂಬಬಹುದು. ಈಗಿನ ಕಾಲದಲ್ಲಿ ಅಡುಗೆಯವರು ಎಂಥವರು ಎಂದು ವಿಚಾರಿಸಿಯೇ ಆರ್ಡರ್ ಕೊಡಿ.

ಮಗಳು ಎರಡು ಸಲ ಓದಿದಳು. ನನಗೆ ಹೆಮ್ಮೆಯಾಗಲಿಲ್ಲ.

"ಇದರ ಕೆಳಗೆ ಉತ್ತರ ಬರೆಯುದಾ ಉಮ್ಮ? ಸುಟ್ಟದ್ದು ನೀನೇ ಅಂತ."

"ಬೇಡ" ಎಂದೆ. "ಬರೆಯಲಿಕ್ಕೆ ಹೋದರೆ ಅದು ಮೊದಲು ಹೆಸರು ಕೇಳ್ತದೆ."